ಪೆರೆಲ್ಮನ್ ಬೇಡವೆಂದದ್ದು

ಚೆಂಡಿನ ಮೇಲೆ ಹಾಕಿದ ರಬ್ಬರ್ ಬ್ಯಾಂಡನ್ನು ಮೈಬಿಡದಂತೆ ಜಾರಿಸುತ್ತ ಹೋದರೆ ಅದು ಕುಗ್ಗಿ ಒಂದು ಬಿಂದುವಾಗುತ್ತದೆ. ಕೋಡುಬಳೆಯ ತೂತಿನೊಳಗಿಂದ ಸುತ್ತಿ ಬಂದ ಬ್ಯಾಂಡ್ ಹಾಗಾಗದು. ಬ್ಯಾಂಡ್ ಹರಿಯಬೇಕು, ಇಲ್ಲವೇ ಕೋಡುಬಳೆ ಮುರಿಯಬೇಕು. ಒಂದು ಆಯಾಮ ಮೇಲೇರಿದರೂ ಈ ಪರೀಕ್ಷೆಯಲ್ಲಿ ಪಾಸಾದ, ಅಂಚಿಲ್ಲದ ಸೀಮಿತ ಆಕೃತಿಗಳೆಲ್ಲ ಮೂಲತಃ ಗೋಳವೇ ಇರಬೇಕೇ? ಫ್ರಾನ್ಸಿನ ಪ್ವಾಂಕರೆ 1904ರಲ್ಲಿ ಎತ್ತಿದ ಈ ಪ್ರಶ್ನೆ ಒಂದು ಶತಮಾನ ಕಾಲ ಘಟಾನುಘಟಿಗಳನ್ನೇ ಸತಾಯಿಸಿತು.

ದಾರಿ ತೋರಿದವನು ಅಮೆರಿಕದ ರಿಚರ್ಡ್ ಹ್ಯಾಮಿಲ್ಟನ್. ಕಾದ ಪಾತ್ರೆಯಲ್ಲಿ ಶಾಖ ಹರಡಿ ಸಮನಾಗುವಂತೆ ಆಕೃತಿಯ ಉಬ್ಬುತಗ್ಗುಗಳನ್ನೂ ಸಮನಾಗಿಸುವ ಸಮೀಕರಣವನ್ನು ಆತ 1982ರಲ್ಲಿ ಮುಂದಿಟ್ಟ. ಆದರೆ ಕೆಲವೆಡೆ ಆಕೃತಿ ಕತ್ತು ಹಿಸುಕಿದಂತೆ ಕಿರಿದಾಗಿ, ಲೆಕ್ಕ ಅಲ್ಲೇ ನಿಂತುಬಿಡುತ್ತಿತ್ತು. ರಷ್ಯದ ಗ್ರಿಗೊರಿ ಪೆರೆಲ್ಮನ್‌ಗೆ ಈ ತೊಡಕಿನ ಬಗ್ಗೆ ಒಂದು ಉಪಾಯ ಹೊಳೆದಿತ್ತು. ಜೊತೆಯಾಗಿ ದುಡಿಯೋಣವೆಂಬ ಆಸೆಯಿಂದ 1996ರಲ್ಲಿ ಹ್ಯಾಮಿಲ್ಟನ್‌ಗೆ ದೀರ್ಘ ಪತ್ರ ಬರೆದ. ಉತ್ತರ ಬರಲಿಲ್ಲ, ಹಾಗಾಗಿ ಒಂಟಿಯಾಗಿ ಹೊರಟೆ ಎಂದು ಆತನೇ ಮುಂದೆ ಹೇಳಿದ್ದಾನೆ.

2002ರ ನವೆಂಬರ್‌ನಿಂದ 2003ರ ಜುಲೈವರೆಗೆ ಮೂರು ಪ್ರಬಂಧಗಳು ಇಂಟರ್‌ನೆಟ್ಟಿನಲ್ಲಿ ಕಾಣಿಸಿಕೊಂಡವು. ಯಾವ ಪತ್ರಿಕೆಗೂ ಆತ ಅವನ್ನು ಕಳಿಸಲಿಲ್ಲ. ತಜ್ಞರು ವರ್ಷಗಟ್ಟಲೆ ತಿಣುಕಿ ಪರಿಶೀಲಿಸಿದರು. ಅಷ್ಟರಲ್ಲಿ 2006ರಲ್ಲಿ ಚೀನಾ ಮೂಲದ ಇಬ್ಬರು ಗಣಿತಜ್ಞರು ಮುನ್ನೂರಕ್ಕೂ ಹೆಚ್ಚು ಪುಟಗಳ ಲೇಖನ ಪ್ರಕಟಿಸಿ, ಸಂಪೂರ್ಣ ಸಾಧನೆ ಇದೇ ಎಂದರು. ಅದರ ಒಂದು ಭಾಗ ಬೇರೆಯವರ ಟಿಪ್ಪಣಿಯದೆಂದು ಬಯಲಾಗಿ ಕ್ಷಮೆ ಕೇಳಬೇಕಾಯಿತು, ಶೀರ್ಷಿಕೆಯೂ ತಗ್ಗಿತು. ಪೆರೆಲ್ಮನ್ ಜಗಳಕ್ಕಿಳಿಯಲಿಲ್ಲ. ಆತನಿಗೆ ನೋವಾದದ್ದು ತಪ್ಪು ಮಾಡಿದವರಿಗಿಂತ ಅದನ್ನು ಸಹಿಸಿಕೊಂಡು ಸುಮ್ಮನಿದ್ದ ಪ್ರಾಮಾಣಿಕರನ್ನು ಕಂಡು.

ಅದೇ ವರ್ಷ ಫೀಲ್ಡ್ಸ್ ಪದಕ ಘೋಷಣೆಯಾಯಿತು. ಅಂತರರಾಷ್ಟ್ರೀಯ ಗಣಿತ ಒಕ್ಕೂಟದ ಅಧ್ಯಕ್ಷ ಜಾನ್ ಬಾಲ್ ಸೇಂಟ್ ಪೀಟರ್ಸ್‌ಬರ್ಗಿಗೇ ಹೋಗಿ ಎರಡು ದಿನ ಮನವೊಲಿಸಿದರೂ ಆತ ಒಲ್ಲೆನೆಂದ. ಅದಕ್ಕೆ ಮೊದಲು ಆ ಪದಕವನ್ನು ಯಾರೂ ನಿರಾಕರಿಸಿದ್ದಿಲ್ಲ. 2010ರಲ್ಲಿ ಅಮೆರಿಕದ ಕ್ಲೇ ಸಂಸ್ಥೆಯ ಹತ್ತು ಲಕ್ಷ ಡಾಲರ್ ಬಹುಮಾನಕ್ಕೂ ಅದೇ ಉತ್ತರ. ಪತ್ರಿಕೆಗಳಿಗೆ ಬೇಕಾಗಿದ್ದದ್ದು ಆತನ ಗಡ್ಡ, ಉಗುರು. ತಿಕ್ಕಲು ಎಂದು ಬರೆದರೆ ಕೆಲಸ ಮುಗಿಯುತ್ತದಲ್ಲ! ಆತ ಕೊಟ್ಟ ಕಾರಣದಲ್ಲಿ ತಿಕ್ಕಲುತನವೇನೂ ಇರಲಿಲ್ಲ. ಗಣಿತ ಸಮುದಾಯದ ತೀರ್ಮಾನ ನ್ಯಾಯವಾದುದಲ್ಲ, ಹ್ಯಾಮಿಲ್ಟನ್‌ನ ಪಾಲು ತನ್ನದಕ್ಕಿಂತ ಕಡಿಮೆಯೇನಲ್ಲ ಎಂದ. ಪತ್ರಕ್ಕೆ ಉತ್ತರಿಸದ ಅದೇ ಹ್ಯಾಮಿಲ್ಟನ್!

ಹ್ಯಾಮಿಲ್ಟನ್ 2011ರಲ್ಲಿ ಷಾ ಪ್ರಶಸ್ತಿಯನ್ನು ಮತ್ತೊಬ್ಬರೊಂದಿಗೆ ಹಂಚಿಕೊಂಡ, 2024ರಲ್ಲಿ ತೀರಿಕೊಂಡ. ಪೆರೆಲ್ಮನ್ ಮುಟ್ಟದ ಹಣದಿಂದ ಪ್ಯಾರಿಸ್ಸಿನಲ್ಲಿ ಪ್ವಾಂಕರೆ ಹೆಸರಿನ ಪೀಠವೊಂದು ಯುವ ಗಣಿತಜ್ಞರಿಗಾಗಿ ಹುಟ್ಟಿಕೊಂಡಿತು.