ಕಲ್ಲುಗಳಿಗೆ ವಿಳಾಸ ಬರೆದವರಿಗೆ

ಮಾನ್ಯ ಬಿ. ಎಲ್. ರೈಸ್ ಸಾಹೇಬರಿಗೆ,

ನೀವು ಹುಟ್ಟಿದ್ದು ಬೆಂಗಳೂರಿನಲ್ಲಿ, 1837ರ ಜುಲೈಯಲ್ಲಿ. ಕನ್ನಡ ನಿಮ್ಮ ಕಿವಿಗೆ ಮೊದಲಿಂದಲೂ ಬಿದ್ದ ಮಾತು. ಅದಕ್ಕೇ ಇಂಗ್ಲಿಷಿನ ಹಂಗಿಲ್ಲದೆ ಈ ಕಾಗದ ಬರೆಯುತ್ತಿದ್ದೇನೆ. 1927ರ ಜುಲೈಯಲ್ಲಿ ಇಂಗ್ಲೆಂಡಿನ ಹ್ಯಾರೋದಲ್ಲಿ ನೀವು ತೀರಿಕೊಂಡಿರಿ, ತೊಂಬತ್ತಕ್ಕೆ ಕೆಲವೇ ದಿನ ಬಾಕಿಯಿದ್ದಾಗ. ಮೊಳಕಾಲ್ಮೂರು, ಚಳ್ಳಕೆರೆ ಸೀಮೆಯವರು ನಿಮಗೆ ಒಂದು ಕಾಗದ ಬರೆಯಬೇಕಿತ್ತು. ಬಹಳ ತಡವಾಗಿದೆ.

ನಿಮ್ಮನ್ನು ಎಲ್ಲರೂ ಶಾಸನ ಪಿತಾಮಹ ಅನ್ನುತ್ತಾರೆ. ನನಗೆ ನೀವು ಮೊದಲು ಕಾಣುವುದು ಪಟ್ಟಿ ಮಾಡುವವರಾಗಿ. 1884ರಲ್ಲಿ ಮೈಸೂರು ಮತ್ತು ಕೊಡಗಿನ ಸಂಸ್ಕೃತ ಹಸ್ತಪ್ರತಿಗಳ ಸೂಚಿಯನ್ನು ಅಚ್ಚು ಹಾಕಿಸಿದಿರಿ. ಮಠಗಳಲ್ಲಿ, ಪಂಡಿತರ ಮನೆಯ ಅಟ್ಟಗಳಲ್ಲಿ ಹೊಗೆ ಹಿಡಿದಿದ್ದ ಓಲೆಗರಿಗಳಿಗೆ ಹೊರಗಿನವರೂ ಓದಬಹುದಾದ ಒಂದು ಲೆಕ್ಕ ಆಗ ಸಿಕ್ಕಿತು. ಅದೇ ವರ್ಷ 'ಕರ್ಣಾಟಕ ಭಾಷಾಭೂಷಣ'ವನ್ನು ಹೊರತಂದು ಬಿಬ್ಲಿಯೊಥೆಕಾ ಕರ್ನಾಟಿಕಾ ಮಾಲೆಯನ್ನು ಆರಂಭಿಸಿದಿರಿ. 1898ರಲ್ಲಿ ಪಂಪಭಾರತ ಬಂತು. ಅದೇ ವರ್ಷ, ಅದೇ ಮಾಲೆಯಲ್ಲಿ ಕೆ. ಬಿ. ಪಾಠಕರು ಸಂಪಾದಿಸಿದ 'ಕವಿರಾಜಮಾರ್ಗ'ವೂ ಬಂತು. ಹಸ್ತಪ್ರತಿಗಳನ್ನು ಕೂಡಿಡುವ ನಿಮ್ಮ ಹಂಬಲದ ಬೆನ್ನಿಗೇ 1891ರಲ್ಲಿ ಮೈಸೂರಿನಲ್ಲಿ ಓರಿಯಂಟಲ್ ಲೈಬ್ರರಿ ತೆರೆಯಿತು. ಕೌಟಿಲ್ಯನ ಅರ್ಥಶಾಸ್ತ್ರದ ಓಲೆ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿದ್ದು ಅಲ್ಲೇ. 1909ರಲ್ಲಿ ಅವರು ಅದನ್ನು ಅಚ್ಚು ಮಾಡಿಸಿದಾಗ ಜಗತ್ತು ಬೆರಗಾಯಿತು. ಯಾವ ಓಲೆ ಎಲ್ಲಿದೆ ಎಂದು ಬರೆದಿಡುವವನ ಹೆಸರು ಇಂಥ ಬೆರಗಿನಲ್ಲಿ ಸಾಮಾನ್ಯವಾಗಿ ಯಾರ ಬಾಯಿಗೂ ಬರುವುದಿಲ್ಲ.

ನಿಮ್ಮ ದೊಡ್ಡ ಪಟ್ಟಿ ಮಾತ್ರ ಕಲ್ಲಿನದು. ಶಾಲಾ ತನಿಖಾಧಿಕಾರಿಯಾಗಿ ಕುದುರೆಯೇರಿ ಊರೂರು ಅಲೆಯುವಾಗ ಹಳ್ಳಿಯವರು ಕರೆದೊಯ್ದು, ತಮಗೆ ಓದಲಾಗದ ಕಲ್ಲುಗಳನ್ನು ತೋರಿಸುತ್ತಿದ್ದರಂತೆ. ಮೇಜರ್ ಡಿಕ್ಸನ್ ತೆಗೆದಿದ್ದ ಛಾಯಾಚಿತ್ರಗಳನ್ನು ನೆಚ್ಚಿ 1879ರಲ್ಲಿ 'ಮೈಸೂರ್ ಇನ್‌ಸ್ಕ್ರಿಪ್ಷನ್ಸ್' ತಂದಿರಿ. ಕಲ್ಲಿನ ಬಳಿಗೇ ಹೋಗಬೇಕು, ಒದ್ದೆ ಕಾಗದ ಹಾಸಿ ಕುಂಚದಿಂದ ಬಡಿದು ಮಸಿ ಒತ್ತಿ ಪಡಿಯಚ್ಚು ತೆಗೆಯಬೇಕು ಎಂಬ ಹಟ ಆಮೇಲೆ ಹಿಡಿಯಿತು. 1886ರಿಂದ 1905ರವರೆಗೆ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹನ್ನೆರಡು ಸಂಪುಟಗಳು ಬಂದವು. ಅವುಗಳಲ್ಲಿ 8,869 ಶಾಸನಗಳಿವೆ. ಜೊತೆಗೆ ಕನ್ನಡ ಲಿಪಿಯ ಪಾಠ, ರೋಮನ್ ಅಕ್ಷರದ ಪಾಠ, ಇಂಗ್ಲಿಷ್ ಅನುವಾದ.

ಆ ಸಂಪುಟಗಳ ಕ್ರಮಕ್ಕೆ ನಾನು ಕೈ ಮುಗಿಯುತ್ತೇನೆ. ರಾಜವಂಶದ ಪ್ರಕಾರ ಜೋಡಿಸಬಹುದಿತ್ತು. ಆಗ ಚಾಲುಕ್ಯ, ಹೊಯ್ಸಳರು ಮುಂದೆ ನಿಂತು, ದನ ಕಾಯಲು ಹೋಗಿ ಸತ್ತವನ ಕಲ್ಲು ಅನುಬಂಧಕ್ಕೆ ಬೀಳುತ್ತಿತ್ತು. ಕಾಲದ ಪ್ರಕಾರ ಜೋಡಿಸಿದ್ದರೆ ತೇದಿಯಿಲ್ಲದ ಬಡಕಲ್ಲುಗಳು ಎಲ್ಲಿಗೆ ಹೋಗಬೇಕಿತ್ತು? ನೀವು ತಾಲ್ಲೂಕು ಹಿಡಿದಿರಿ. ತಾಲ್ಲೂಕಿನ ಹೆಸರು, ಒಂದು ಅಂಕಿ, ಊರು, ಕಲ್ಲು ಇರುವ ಜಾಗ. 1903ರ ಹನ್ನೊಂದನೆಯ ಸಂಪುಟ ನಮ್ಮ ಚಿತ್ರದುರ್ಗ ಜಿಲ್ಲೆಯದು. ಅದರಲ್ಲಿ ಚಳ್ಳಕೆರೆಗೂ ಮೊಳಕಾಲ್ಮೂರಿಗೂ ಸ್ವಂತ ಪುಟಗಳಿವೆ. ಮಳೆ ಕಡಿಮೆ, ಹೊಳೆ ಬತ್ತಿದ್ದು, ಮೂರು ಕಡೆಯಿಂದ ಬಳ್ಳಾರಿ, ಅನಂತಪುರದ ನೆಲ ಒತ್ತಿಕೊಂಡಿದ್ದು, ಅರ್ಧ ಮಾತು ತೆಲುಗು ಎಂದು ಯಾರೂ ತಿರುಗಿ ನೋಡದ ಸೀಮೆ ಇದು. ಇತಿಹಾಸದ ಪುಸ್ತಕದಲ್ಲಿ ಇದಕ್ಕೆ ಇನ್ಯಾರು ಜಾಗ ಕೊಡುತ್ತಿದ್ದರು, ಹೇಳಿ.

ಆ ಸಂಪುಟದ ಮೊಳಕಾಲ್ಮೂರು 21, 14, 34 ಎಂಬ ಅಂಕಿಗಳನ್ನು ನೋಡಿದರೆ ಇವತ್ತಿಗೂ ನನ್ನ ಎದೆ ತುಂಬಿ ಬರುತ್ತದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. 1892ರಲ್ಲಿ ನೀವು ಈ ಮೂರು ಕಡೆ ಅಶೋಕನ ಧರ್ಮಲಿಪಿಯನ್ನು ಗುರುತಿಸಿದಿರಿ. ಆತನ ಶಾಸನ ಇಷ್ಟು ದಕ್ಷಿಣಕ್ಕೆ ಸಿಕ್ಕೀತೆಂದು ಅಲ್ಲಿಯವರೆಗೆ ಯಾರೂ ಎಣಿಸಿರಲಿಲ್ಲ. ಬ್ರಹ್ಮಗಿರಿಯ ಬಂಡೆಯನ್ನು ಊರವರು ಮೊದಲಿಂದಲೂ ಅಕ್ಷರಗುಂಡು ಅನ್ನುತ್ತಿದ್ದರು. ಓದು ಬಾರದಿದ್ದರೂ ಅದು ಅಕ್ಷರವೆಂಬ ಅರಿವು ಅವರಿಗಿತ್ತು. ನಿಮ್ಮ ಶೋಧದ ಅರ್ಧ ಪಾಲು ಅವರದೂ ಹೌದು ಅಂದರೆ ನೀವು ಬೇಸರಪಡಲಾರಿರಿ ಎಂದುಕೊಂಡಿದ್ದೇನೆ.

ಆ ಬಂಡೆಯ ಬರಹದಲ್ಲಿ ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೆಂಬ ಅಧಿಕಾರಿಗಳೂ ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸಿ, ಆಮೇಲೆ ಅರಸನ ಮಾತನ್ನು ತಿಳಿಸುತ್ತಾರೆ. ತಂದೆತಾಯಿಯರ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು. ಧರ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ದಕ್ಕುತ್ತದೆ. ಕೊನೆಯಲ್ಲಿ ಬರೆದವನ ಹೆಸರು, ಚಪಡ. ಉಳಿದದ್ದೆಲ್ಲ ಬ್ರಾಹ್ಮಿಯಲ್ಲಿದ್ದರೆ, ಲಿಪಿಕಾರ ಎಂಬ ತನ್ನ ಕಸುಬಿನ ಹೆಸರನ್ನು ಮಾತ್ರ ಆತ ಬಲದಿಂದ ಎಡಕ್ಕೆ ಹೋಗುವ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಗಾಂಧಾರದ ಕಡೆ ಬಳಕೆಯಲ್ಲಿದ್ದ ಲಿಪಿ ಅದು. ಅದನ್ನು ಬಲ್ಲವನೊಬ್ಬ ನಮ್ಮ ಗುಡ್ಡದ ಬುಡದಲ್ಲಿ ಬಿಸಿಲಿಗೆ ಬೆನ್ನೊಡ್ಡಿ ಕುಳಿತು ಚಾಣ ಹಿಡಿದಿದ್ದ. ವಿಯೆನ್ನಾದ ಬ್ಯೂಲರ್ ಈ ಶಾಸನಗಳನ್ನು 'ಎಪಿಗ್ರಾಫಿಯಾ ಇಂಡಿಕಾ'ದಲ್ಲಿ ಸಂಪಾದಿಸಿದರು. ಅಲ್ಲಿಂದ ಮೊಳಕಾಲ್ಮೂರಿನ ಬಂಡೆಗಳು ಜಗತ್ತಿನ ವಿದ್ವಾಂಸರ ಮೇಜಿಗೇರಿದವು.

ಆದರೆ ಅಶೋಕನ ಹೊಗಳಿಕೆಯಲ್ಲಿ ನಿಮ್ಮ ಕೆಲಸವನ್ನು ಮುಗಿಸಿಬಿಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆ ಅಂಕಿಗಳ ಆಚೀಚೆ ಇರುವುದನ್ನೂ ನೋಡಬೇಕು. ಜಟಿಂಗ ರಾಮೇಶ್ವರನಿಗೆ ಚಾಲುಕ್ಯರ ಕಾಲದಲ್ಲಿ ಬಿಟ್ಟ ದತ್ತಿ, ನೊಳಂಬವಾಡಿ ಮೂವತ್ತೆರಡು ಸಾವಿರದ ಆಳ್ವಿಕೆಯ ಸುದ್ದಿ, ಕೆರೆ ಕಟ್ಟಿಸಿದವರು, ಪಾಳೆಯಗಾರರ ಕೊಡುಗೆ. ಜೊತೆಗೆ ಈ ಸೀಮೆಯ ತುಂಬ ನಿಂತ ವೀರಗಲ್ಲುಗಳು. ತುರುಗೊಳ್, ಊರಳಿವು, ಹಿಡಿದುಕೊಂಡು ಹೋದ ದನಗಳನ್ನು ಬಿಡಿಸಿಕೊಳ್ಳಲು ಹೋಗಿ ಪ್ರಾಣ ಬಿಟ್ಟವರು. ನಮ್ಮ ಮ್ಯಾಸಬೇಡರ ಹಟ್ಟಿಗಳಲ್ಲಿ, ಕಾಡುಗೊಲ್ಲರ ಹಟ್ಟಿಗಳಲ್ಲಿ ಇವತ್ತಿಗೂ ದೇವರ ಎತ್ತುಗಳಿವೆ. ಅವಕ್ಕೆ ನೊಗ ಹೂಡುವುದಿಲ್ಲ. ಬರದ ವರ್ಷ ಮೇವಿಗಾಗಿ ಅಲೆದಾಡುತ್ತಾರೆ. ಹಸುವಿಗಾಗಿ ಸತ್ತವನ ಕಲ್ಲು ಈ ಜನಕ್ಕೆ ಮ್ಯೂಸಿಯಮ್ಮಿನ ವಸ್ತುವಲ್ಲ. ಎಲೆಯಡಿಕೆ ಇಟ್ಟು, ಎಣ್ಣೆ ಹಚ್ಚಿ, ಅದನ್ನು ತಮ್ಮವನೇ ಎಂದುಕೊಂಡಿದ್ದಾರೆ. ಚಕ್ರವರ್ತಿಯ ಬಂಡೆಗೂ ಇಂಥ ಕಲ್ಲಿಗೂ ನಿಮ್ಮ ಪುಸ್ತಕದಲ್ಲಿ ಒಂದೇ ಸಾಲು, ಒಂದೇ ಬಗೆಯ ಅಂಕಿ. ಇಷ್ಟು ಸಮನಾಗಿ ಕಂಡ ಇನ್ನೊಂದು ಇತಿಹಾಸ ಗ್ರಂಥವನ್ನು ನಾನು ಓದಿಲ್ಲ.

ನಿಮ್ಮ ಓದಿನಲ್ಲಿ ದೋಷಗಳಿದ್ದವು; ಅದನ್ನು ಮುಚ್ಚಿಟ್ಟು ಹೊಗಳಿದರೆ ಅದು ಗೌರವವಲ್ಲ. ಗಂಗರ ತಾಮ್ರಪಟಗಳ ವಿಷಯದಲ್ಲಿ ಜೆ. ಎಫ್. ಫ್ಲೀಟ್ ನಿಮ್ಮೊಡನೆ ವರ್ಷಗಟ್ಟಲೆ ವಾದ ಮಾಡಿದರು, ಅವೆಲ್ಲ ಕೂಟಶಾಸನಗಳೆಂದರು. ನೀವು ಪಟ್ಟು ಬಿಡಲಿಲ್ಲ. ಆ ಜಗಳದಲ್ಲಿ ಎರಡೂ ಕಡೆ ಸತ್ಯದ ಪಾಲಿತ್ತೆಂದು ಆಮೇಲಿನ ಸಂಶೋಧನೆ ತೋರಿಸಿತು. ಅವಸರದ ಪಾಠಗಳನ್ನು ಮುಂದಿನವರು ತಿದ್ದಿದರು, 1972ರಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಸಂಪುಟಗಳನ್ನು ತಂದಿತು. ತಿದ್ದುವುದಕ್ಕೂ ಕೈಯಲ್ಲಿ ಒಂದು ಪಟ್ಟಿ ಬೇಕಲ್ಲ.

ಇನ್ನೊಂದು ಮಾತು ಕೇಳಲೇಬೇಕು. ಬಿಸಿಲಲ್ಲಿ ಕಲ್ಲು ತೊಳೆದವರು, ಪಾಚಿ ಕೆರೆದವರು, ಪಡಿಯಚ್ಚು ತೆಗೆದವರು, ಸವೆದ ಅಕ್ಷರವನ್ನು ಬೆರಳಿನಿಂದ ತಡವಿ ಓದಿ ಹೇಳಿದ ಪಂಡಿತರು ನೂರಾರು ಮಂದಿ ಇದ್ದಿರಬೇಕು. ಪುಸ್ತಕದ ಬೆನ್ನ ಮೇಲೆ ನಿಮ್ಮ ಹೆಸರೊಂದೇ. 1899ರಲ್ಲಿ ನಿಮ್ಮ ಇಲಾಖೆಗೆ ಬಂದ ಆರ್. ನರಸಿಂಹಾಚಾರ್ಯರು 1906ರಲ್ಲಿ ನಿಮ್ಮ ಸ್ಥಾನಕ್ಕೇ ಬಂದರು. ಮರುವರ್ಷವೇ 'ಕರ್ಣಾಟಕ ಕವಿಚರಿತೆ'ಯ ಮೊದಲ ಸಂಪುಟ ಹೊರಬಂತು. ಕನ್ನಡ ಕವಿಗಳಿಗೆಲ್ಲ ಅವರು ಲೆಕ್ಕ ಬರೆದರು. ಅವರ ಹೆಸರು ಉಳಿಯಿತು. ಉಳಿದವರದೂ ಉಳಿಯಬೇಕಿತ್ತು ಸಾಹೇಬರೇ. ಚಪಡ ಎಂಬ ಲಿಪಿಕಾರ ಕೂಡ ತನ್ನ ಹೆಸರನ್ನು ಕೆತ್ತಿಹೋಗಿದ್ದಾನೆ.

ನೀವು ಆ ಹುದ್ದೆ ಬಿಟ್ಟ ಮೇಲಿನ ಸುದ್ದಿ ಕೆಲವನ್ನು ಹೇಳುತ್ತೇನೆ. 1915ರಲ್ಲಿ ಮಸ್ಕಿಯ ಬಂಡೆಯಲ್ಲಿ ಅಶೋಕನ ಹೆಸರೇ ಸಿಕ್ಕಿದ್ದು ನಿಮಗೆ ತಿಳಿದೇ ಇದೆ. ಹಲ್ಮಿಡಿ ಶಾಸನ ನಿಮ್ಮ ಪಟ್ಟಿಯಲ್ಲಿರಲಿಲ್ಲ, 1936ರಲ್ಲಿ ಎಂ. ಎಚ್. ಕೃಷ್ಣರು ಅದನ್ನು ಬೆಳಕಿಗೆ ತಂದರು. ಬ್ರಹ್ಮಗಿರಿಯಲ್ಲಿ ಅವರು 1940ರ ದಶಕದ ಮೊದಲಲ್ಲಿ ಅಗೆದರು, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಗೆದರು. ಕಬ್ಬಿಣ ಬಳಸಿದ ಬೃಹತ್ ಶಿಲಾಗೋರಿಗಳ ಜನ, ಅವರಿಗಿಂತ ಮೊದಲು ಕಲ್ಲಿನ ಕೊಡಲಿಯ ಜನ ಅಲ್ಲಿ ಬಾಳಿದ್ದರೆಂದು ಗೊತ್ತಾಯಿತು. ಚಳ್ಳಕೆರೆ ತಾಲ್ಲೂಕಿನ ತಳುಕಿನ ಟಿ. ಎಸ್. ವೆಂಕಣ್ಣಯ್ಯನವರು ಮೈಸೂರಿನಲ್ಲಿ ಕನ್ನಡ ಪ್ರಾಧ್ಯಾಪಕರಾದರು, ಕುವೆಂಪು ಅವರ ಗುರುವಾದರು. ಶಾಸನಗಳ ಸೀಮೆ ಗುರುವನ್ನೂ ಕೊಟ್ಟಿತು ಎಂಬ ಹೆಮ್ಮೆ ನಮಗಿದೆ.

ಸಂತೋಷದ ಸುದ್ದಿಯಷ್ಟೇ ಅಲ್ಲ. ಅಶೋಕನ ಬಂಡೆಗಳಿಗೆ ಸೂರು, ಬೇಲಿ, ಕಾವಲು ಇದೆ. ವೀರಗಲ್ಲುಗಳಿಗೆ ಇಲ್ಲ. ಕೆಲವು ಮನೆಯ ತಳಪಾಯಕ್ಕೆ ಹೋಗುತ್ತವೆ, ಕೆಲವು ರಸ್ತೆ ಅಗಲ ಮಾಡುವಾಗ ಉರುಳುತ್ತವೆ, ಕೆಲವಕ್ಕೆ ಭಕ್ತಿಯಿಂದಲೇ ಬಣ್ಣ ಬಳಿದು ಅಕ್ಷರ ಮುಚ್ಚಿಹೋಗುತ್ತದೆ, ನಿಧಿಯ ಆಸೆಗೆ ಬುಡ ಅಗೆಯುವವರೂ ಇದ್ದಾರೆ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ ಆ ಸುತ್ತಿನ ಶಾಸನಗಳನ್ನೆಲ್ಲ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿದೆ. ಅವರ ಕೈಯಲ್ಲೂ ಇರುವುದು ನಿಮ್ಮ ಸಂಪುಟವೇ. ನಮ್ಮ ಸೀಮೆಗೂ ಅಂಥ ಕೆಲಸ ಬೇಕು. ಅದಕ್ಕೆ ಮೊದಲು, ನಿಮ್ಮ ಅಂಕಿ ಹಿಡಿದು ಹೋದರೆ ಕಲ್ಲು ಹೇಳಿದ ಜಾಗದಲ್ಲೇ ಇದೆಯೇ ಎಂದು ಯಾರಾದರೂ ನೋಡಿ ಬರಬೇಕು.

1868ರಲ್ಲಿ ಹೋಬಳಿಗೊಂದು ಶಾಲೆ ಎಂಬ ಯೋಜನೆ ಬರೆದುಕೊಟ್ಟವರೂ ನೀವೇ. ಹಾಗಾಗಿ ಕಲ್ಲುಗಳನ್ನು ನೋಡಿ ಬರುವ ಈ ಕೆಲಸವನ್ನೂ ಹೋಬಳಿ ಹಿಡಿದೇ ನಡೆಸಬೇಕೆಂದುಕೊಂಡಿದ್ದೇವೆ. ಶಾಲೆಯ ಮೇಷ್ಟ್ರುಗಳು, ಹೈಸ್ಕೂಲಿನ ಮಕ್ಕಳು, ಹಟ್ಟಿಯ ಹಿರಿಯರು ಜೊತೆಗಿರುತ್ತಾರೆ. ಶೇಂಗಾ ಕಿತ್ತು ಹೊಲ ಖಾಲಿಯಾದ ಮೇಲೆ, ಮಾಗಿಯಲ್ಲಿ, ಮೊದಲು ತಳುಕು, ಆಮೇಲೆ ನಾಯಕನಹಟ್ಟಿ, ಪರಶುರಾಂಪುರ. ಬೇಸಗೆ ಏರುವ ಮೊದಲು ದೇವಸಮುದ್ರ. ಸಿಕ್ಕಿದ ಕಲ್ಲಿಗೆ ನಿಮ್ಮ ಅಂಕಿಯನ್ನೇ ಬರೆಯುತ್ತೇವೆ. ಸಿಗದಿದ್ದರೆ, ಊರಿನವರು ಅದನ್ನು ಕೊನೆಯ ಸಲ ಎಲ್ಲಿ ಕಂಡಿದ್ದೆವೆಂದು ಹೇಳುತ್ತಾರೋ ಅದನ್ನು, ಹೇಳಿದವರ ಹೆಸರಿನೊಂದಿಗೆ.

ಇತಿ,
ಮೊಳಕಾಲ್ಮೂರು ಸೀಮೆಯ ನಿಮ್ಮ ಓದುಗ