ಬೀಸುಬಲೆಯೂ ಹಾಜರಿ ಪುಸ್ತಕವೂ

ಮೀನು ಹಿಡಿಯುವುದರ ಮೇಲೆ ನಾನೊಂದು ಪ್ರಬಂಧ ಬರೆಯುತ್ತೇನೆ ಎಂದಾಗ ನಮ್ಮ ಮನೆಯವರು ಪೇಪರಿನಿಂದ ತಲೆಯೆತ್ತಿ, "ಮೊದಲು ನಾಲ್ಕು ಮೀನಿನ ಹೆಸರು ಹೇಳು ನೋಡುವಾ" ಎಂದು ನಕ್ಕರು. ಅವರ ನಗುವಿಗೆ ಕಾರಣವಿದೆ. ನಾನು ಹುಟ್ಟಿದ್ದು ಘಟ್ಟದ ಮೇಲೆ, ಅಪ್ಪೆಹುಳಿ, ಹಲಸಿನ ಹಪ್ಪಳದ ಮನೆಯಲ್ಲಿ. ಮದುವೆಯಾಗಿ ಕುಂದಾಪುರದ ಕಡೆ ಬಂದ ಹೊಸದರಲ್ಲಿ ಬಸ್ಸಿಗೆ ಮೀನಿನ ಬುಟ್ಟಿ ಹತ್ತಿದರೆ ನನ್ನ ಸೆರಗು ತಾನಾಗಿ ಮೂಗಿಗೆ ಹೋಗುತ್ತಿತ್ತು. ಇಂಥವಳು ಜೀವಂತ ಮರಿಮೀನು ಹಿಡಿಯಲು ಯಾವ ಬಲೆ ಬೇಕು, ಹಿಡಿದದ್ದನ್ನು ಸಾಯದಂತೆ ಹೇಗೆ ಇಟ್ಟುಕೊಳ್ಳಬೇಕು ಎಂಬುದನ್ನೆಲ್ಲ ಕಲಿತದ್ದು ಹತ್ತನೇ ತರಗತಿಯ ಒಬ್ಬ ಹುಡುಗನಿಂದ. ಕಲಿತವಳು ನಾನು, ಆ ಪಾಠಕ್ಕೆ ಫೀಸು ಕಟ್ಟಿದವನು ಅವನು.

ಅದು 2009ನೇ ಇಸವಿ. ನಮ್ಮ ಶಾಲೆ ಇದ್ದದ್ದು ಪಂಚಗಂಗಾವಳಿಯ ದಂಡೆಯಿಂದ ಕೂಗಳತೆಯಲ್ಲಿ. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಸೇರಿ ಗಂಗೊಳ್ಳಿಯಲ್ಲಿ ಕಡಲಿಗೆ ಬೀಳುವ ಜಾಗ. ನಾನು ಸಮಾಜ ವಿಜ್ಞಾನದ ಟೀಚರು, ಹತ್ತನೇ ತರಗತಿಗೆ ಕ್ಲಾಸ್ ಟೀಚರು ಕೂಡ. ಶಿಸ್ತಿನ ವಿಷಯದಲ್ಲಿ ನನಗೊಂದು ಹೆಸರಿತ್ತು, ಆ ಹೆಸರಿನ ಮೇಲೆ ಸ್ವಲ್ಪ ಹೆಮ್ಮೆಯೂ ಇತ್ತು. ಮೊದಲ ಪೀರಿಯಡ್ ಮುಗಿಯುವುದರೊಳಗೆ ಬಾರದವರಿಗೆ ಬೆಳಗಿನ ಹಾಜರಿ ಇಲ್ಲ. ಇದು ಇಲಾಖೆಯ ನಿಯಮವಲ್ಲ, ನನ್ನದೇ.

ಈ ಹುಡುಗ ಕೆಲವು ದಿನ ಎಲ್ಲರಿಗಿಂತ ಮೊದಲೇ ಬಂದು ಕೂತಿರುತ್ತಿದ್ದ. ಕೆಲವು ದಿನ ಹತ್ತೂಕಾಲಿಗೆ, ಒದ್ದೆ ಚಡ್ಡಿ, ಕೈಗೆಲ್ಲ ಮೀನಿನ ವಾಸನೆ. "ಹಿಂದಿನ ಬೆಂಚಿಗೆ ಹೋಗು" ಎನ್ನುತ್ತಿದ್ದೆ. ಯಾಕೆ ತಡ ಎಂದು ಕೇಳಿದರೆ ನೆಲ ನೋಡುತ್ತಿದ್ದ. ಎರಡು ಸಲ ಕೇಳಿ ಬಿಟ್ಟೆ. ಸೆಪ್ಟೆಂಬರಿನ ಕಿರುಪರೀಕ್ಷೆಯಲ್ಲಿ 'ಉಬ್ಬರವಿಳಿತ ಎಂದರೇನು?' ಎಂಬ ಪ್ರಶ್ನೆಗೆ ಅವನು ಜಾಗ ಖಾಲಿ ಬಿಟ್ಟಿದ್ದ. ಕೆಂಪು ಶಾಯಿಯಲ್ಲಿ 'ಓದಬೇಕು' ಎಂದು ಬರೆದೆ.

ಡಿಸೆಂಬರಿನಲ್ಲಿ ಹಾಜರಿ ಕಡಿಮೆ ಇರುವವರ ಪಟ್ಟಿ ಮಾಡಲು ಮುಖ್ಯೋಪಾಧ್ಯಾಯರು ಹೇಳಿದರು. ಶೇಕಡಾ 75 ಇಲ್ಲದಿದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುವಂತಿಲ್ಲ. ಈ ಹುಡುಗನಿಗೆ ಒಂಬತ್ತು ದಿನ ಕೊರತೆ. ಮಳೆಗಾಲದಲ್ಲಿ ಮೂರು ವಾರ ಜ್ವರದಲ್ಲಿ ಮಲಗಿದ್ದ. ಉಳಿದದ್ದೆಲ್ಲ ನಾನು ಹಾಕಿದ ಅರ್ಧ ದಿನಗಳು. ತಾಯಿಗೆ ನಾಲ್ಕು ಮಾತು ಹೇಳಿ ಬರೋಣವೆಂದು ಒಂದು ಶನಿವಾರ ಮಧ್ಯಾಹ್ನ ಅವನ ಮನೆಗೆ ಹೋದೆ. ತಾಯಿ ಮೀನು ಮಾರಲು ಹೋಗಿದ್ದರು. ತಂದೆ ತೀರಿಕೊಂಡು ಎರಡು ವರ್ಷವಾಗಿತ್ತು. ಜಗಲಿಯಲ್ಲಿ ಅಜ್ಜ ಬಲೆ ರಿಪೇರಿ ಮಾಡುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, "ಶಾಲಿ ಬೆಲ್ ನೀರಿಗೆ ಕೇಂತಿಲ್ಲೆ ಟೀಚರೇ" ಎಂದರು. "ನಾಳೆ ಬೆಳಗ್ಗೆ ಬಂದ್ ಕಾಣಿ."

ಮರುದಿನ ಭಾನುವಾರ ಹೋದೆ. ಅಜ್ಜನದು ಸಣ್ಣ ದೋಣಿ, ಗಾಳದ ಕಸುಬು. ಅಳಿವೆಯ ಕುರುಡಿ ಮೀನಿಗೆ ಹೋಟೆಲಿನವರು ಒಳ್ಳೆಯ ಬೆಲೆ ಕೊಡುತ್ತಿದ್ದರು. ಆದರೆ ಅದಕ್ಕೆ ಕಣ್ಣ ಮುಂದೆ ಓಡುವ ಮರಿಮೀನೇ ಬೇಕು. ಸತ್ತದ್ದನ್ನು ಕಟ್ಟಿದರೆ ಅಜ್ಜನಿಗೆ ಖಾಲಿ ಕೈ. ಆ ಮರಿಮೀನು ಹಿಡಿದು ಕೊಡುವುದು ಮೊಮ್ಮಗನ ಕೆಲಸ.

ತರಗತಿಯಲ್ಲಿ ನೆಲ ನೋಡುವ ಹುಡುಗ ಅಲ್ಲಿ ನನಗೆ ಪಾಠ ಮಾಡಿದ. ಮನೆಯಲ್ಲಿ ಎರಡು ಬೀಸುಬಲೆ ಇದ್ದವು. ದೊಡ್ಡ ಕಣ್ಣಿನದು ಊಟದ ಮೀನಿಗೆ. ಅದರಲ್ಲಿ ಮರಿಮೀನು ಹಿಡಿದರೆ ತಲೆ ಕಣ್ಣಿನೊಳಗೆ ಹೊಕ್ಕು ಕಿವಿರು ಸಿಕ್ಕಿಕೊಳ್ಳುತ್ತದೆ; ಬಿಡಿಸುವಷ್ಟರಲ್ಲಿ ಅರ್ಧ ಜೀವ. ಅದಕ್ಕೇ ಕಿರುಬೆರಳ ತುದಿಯೂ ತೂರದ ಸಣ್ಣ ಕಣ್ಣಿನ ಬಲೆ. "ಆದ್ರೆ ಟೀಚರ್, ಕಣ್ಣು ಸಣ್ಣ ಆದ ಹಾಗೆ ಬಲೆ ನಿಧಾನ ಮುಳುಗ್ತದೆ. ಆಳದಲ್ಲಿ ಬೀಸಿದ್ರೆ ಅದು ಮುಳುಗುವುದರೊಳಗೆ ಮೀನು ಆಚೆ ದಡ" ಎಂದ. ಆದ್ದರಿಂದ ಮೊಣಕಾಲುದ್ದದ ನೀರಿನಲ್ಲಿ, ತೋಡು ನದಿಗೆ ಸೇರುವ ಬಾಯಿಯಲ್ಲಿ ಬೀಸಬೇಕು. ಅದೂ ಯಾವಾಗ? ನೀರು ಇಳಿಯಲು ತೊಡಗಿದಾಗ. ಆಗ ತೋಡಿನೊಳಗೆ ಹೋದ ಮರಿಗಳೆಲ್ಲ ನೀರಿನ ಜೊತೆ ಹೊರಗೆ ಬರುತ್ತವೆ. ನೆರಳು ನೀರಿನ ಮೇಲೆ ಬೀಳದಂತೆ ಸೂರ್ಯನಿಗೆ ಎದುರಾಗಿ ನಿಂತು, ಬಲೆಯನ್ನು ತೋಳಿಗೆ ಹಾಕಿಕೊಂಡು ಬೀಸಿದ. ಸೀಸದ ಗುಂಡುಗಳ ಅಂಚು ಹಪ್ಪಳದ ಹಾಗೆ ದುಂಡಗೆ ಬಿಚ್ಚಿಕೊಂಡಿತು. ನನ್ನ ಕಂಪಾಸು ಹಾಕಿದರೂ ಬೋರ್ಡಿನ ಮೇಲೆ ಅಷ್ಟು ದುಂಡಗೆ ಬರುವುದಿಲ್ಲ.

ಬೆರಳುದ್ದದ ಬೆಳ್ಳಿ ಮರಿಗಳು. ನಾನು ಮುಟ್ಟಲು ಹೋದೆ. "ಕೈ ಒದ್ದೆ ಮಾಡ್ಕೊಳ್ಳಿ" ಎಂದು ತಡೆದ. ಒಣಕೈ ತಾಗಿದರೆ ಮೈಮೇಲಿನ ಲೋಳೆ ಹೋಗಿ ಮೀನು ಬಾಳುವುದಿಲ್ಲವಂತೆ. ಬಕೆಟ್ಟಿಗೆ ಬಾವಿ ನೀರು ಹಾಕಬಾರದು, ಅದೇ ಹೊಳೆಯ ನೀರು ಬೇಕು. ಬಿಸಿಲಿಗಿಡಬಾರದು, ತುಂಬ ತುಂಬಿಸಬಾರದು, ಆಗಾಗ ನೀರು ಬದಲಿಸಬೇಕು. ಇವೆಲ್ಲಕ್ಕಿಂತ ಒಳ್ಳೆಯದು ಬಿದಿರಿನ ಮುಚ್ಚಳದ ಬುಟ್ಟಿ: ದೋಣಿಗೆ ಕಟ್ಟಿ ಹೊಳೆಯಲ್ಲೇ ಮುಳುಗಿಸಿಟ್ಟರೆ ಹರಿಯುವ ನೀರೇ ಮೀನನ್ನು ಕಾಯುತ್ತದೆ. ಗಾಳಕ್ಕೆ ಚುಚ್ಚುವಾಗ ತುಟಿಗೆ, ಇಲ್ಲವೆ ಬೆನ್ನಿನ ರೆಕ್ಕೆಯ ಹತ್ತಿರ ಮೇಲಿಂದ ಮೇಲೆ, ಬೆನ್ನುಮೂಳೆಗೆ ತಾಗಬಾರದು. ಆ ಹೊತ್ತಿಗೆ ನಾನು ಮುಖ ತಿರುಗಿಸಿದೆ. ಸುಳ್ಳು ಯಾಕೆ ಹೇಳಲಿ, ಇವತ್ತಿಗೂ ಅದು ನನ್ನಿಂದ ನೋಡಲಾಗದು. ಆದರೆ ಅಜ್ಜನ ಅನ್ನಕ್ಕೆ ಬೇರೆ ದಾರಿ ತೋರಿಸಲು ನನ್ನಲ್ಲೇನೂ ಇರಲಿಲ್ಲ.

"ನಾಳೆ ಎಷ್ಟು ಹೊತ್ತಿಗೆ ನೀರಿಳಿಯುತ್ತದೆ?" ಎಂದೆ. "ಇವತ್ತಿಗಿಂತ ಮುಕ್ಕಾಲು ಗಂಟೆ ಮೇಲೆ ತಡ" ಎಂದ. ದಿನಕ್ಕೆ ಸುಮಾರು 50 ನಿಮಿಷ ಎಂದು ನಾನು ಪುಸ್ತಕ ನೋಡಿ ಪಾಠ ಮಾಡಿದ್ದು ಅದನ್ನೇ.

ಸೋಮವಾರ ಸ್ಟಾಫ್ ರೂಮಿನಲ್ಲಿ ಹಾಜರಿ ಪುಸ್ತಕವನ್ನೂ ಗೋಡೆಯ ಕ್ಯಾಲೆಂಡರನ್ನೂ ಪಕ್ಕದಲ್ಲಿಟ್ಟುಕೊಂಡು ಕೂತೆ. ಜ್ವರದ ವಾರಗಳನ್ನು ಬಿಟ್ಟರೆ ಅವನ ಅರ್ಧ ದಿನಗಳೆಲ್ಲ ಅಮಾವಾಸ್ಯೆ ಹುಣ್ಣಿಮೆಗಳ ಲೆಕ್ಕಕ್ಕೆ ಸರಿಯಾಗಿ ಗುಂಪುಗುಂಪಾಗಿ ಬಂದಿದ್ದವು. ಜೂನಿನಿಂದಲೂ ಹಾಗೆಯೇ. ಉಬ್ಬರವಿಳಿತದ ಉತ್ತರವನ್ನು ಹುಡುಗ ಆರು ತಿಂಗಳಿಂದ ನನ್ನ ಪುಸ್ತಕದಲ್ಲೇ ಬರೆಯುತ್ತ ಬಂದಿದ್ದ. ಬರೆದದ್ದು ನನ್ನ ಕೈ, ಓದದೆ ಇದ್ದವಳೂ ನಾನೇ.

ಮುಖ್ಯೋಪಾಧ್ಯಾಯರ ಹತ್ತಿರ ತಪ್ಪು ಒಪ್ಪಿಕೊಂಡೆ. "ಹಾಕಿದ ಗೈರುಹಾಜರಿ ಅಳಿಸಲು ಬರುವುದಿಲ್ಲ ಮೇಡಂ, ಇನ್ನುಳಿದ ದಿನ ಒಂದೂ ತಪ್ಪದಿದ್ದರೆ ಸರಿಹೋದೀತು" ಎಂದರು. ಲೆಕ್ಕ ಹಾಕಿದೆ, ಹೌದು. ಮತ್ತೆ ಅಜ್ಜನ ಜಗಲಿಗೆ ಹೋದೆ. ಅಜ್ಜ ಸುಮ್ಮನೆ ಕೇಳಿ, ಮಾಡಿಗೆ ಸಿಕ್ಕಿಸಿದ್ದ ಗೋರುಬಲೆ ಇಳಿಸಿದರು. ರಾತ್ರಿ ಟಾರ್ಚು ಬಿಟ್ಟರೆ ದಂಡೆಯ ಬೇರುಗಳ ಸಂದಿಯಲ್ಲಿ ಚಟ್ಲಿಯ ಕಣ್ಣು ಕೆಂಡದ ಹಾಗೆ ಹೊಳೆಯುತ್ತದೆ; ಹಿಂದಿನಿಂದ ಗೋರಿ ಬುಟ್ಟಿಗೆ ಹಾಕಿ ಬೆಳಗಿನವರೆಗೆ ಹೊಳೆಯಲ್ಲಿಟ್ಟರಾಯಿತು. ಕೆಲವು ಬೆಳಗಾಗುವುದರೊಳಗೆ ಸಾಯುತ್ತಿದ್ದವು. ಆ ನಷ್ಟ ಅವರ ಮನೆಯದು. ಅದನ್ನು ತುಂಬಿಕೊಡುತ್ತೇನೆಂದು ಹೇಳಲು ಬಾಯಿ ತೆರೆದೆ. ಅಜ್ಜನ ಮುಖ ನೋಡಿ ಸುಮ್ಮನಾದೆ.

ಮಾರ್ಚಿನವರೆಗೆ ಹುಡುಗ ಒಂದು ದಿನವೂ ತಪ್ಪಿಸಲಿಲ್ಲ. ಪರೀಕ್ಷೆಗೆ ಕೂತ, ಗಣಿತದಲ್ಲಿ ಹೋದ, ಪೂರಕ ಪರೀಕ್ಷೆಯಲ್ಲಿ ಪಾಸಾದ. ಈಗ ಅವನಿಗೆ ಸ್ವಂತ ದೋಣಿಯಿದೆ, ಶಾಲೆಗೆ ಹೋಗುವ ಮಗಳಿದ್ದಾಳೆ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದರೆ ಹತ್ತಿರ ಬಂದು ಮಾತಾಡುತ್ತಾನೆ, ನೆಲ ನೋಡುವುದಿಲ್ಲ.

ನಾನಿನ್ನೂ ಸರ್ವಿಸಿನಲ್ಲಿದ್ದೇನೆ. ಶಿಸ್ತು ಬಿಟ್ಟಿಲ್ಲ. ಆದರೆ ಬೆಳಿಗ್ಗೆ ಬಾರದವರ ಹೆಸರಿನ ಮುಂದೆ ಮೊದಲು ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಡುತ್ತೇನೆ. ಪೆನ್ನು ತೆಗೆಯುವುದು ಯಾಕೆ ತಡವಾಯಿತು ಎಂದು ಮೂರನೆಯ ಸಲವೂ ಕೇಳಿದ ಮೇಲೆ.