ಸಿಂಗಟಗೆರೆಯ ಕಣದಲ್ಲಿ ಆಫ್ರಿಕಾದ ರಾಗಿ

ಕಡೂರಿನಿಂದ ಸಿಂಗಟಗೆರೆ ಬಸ್ಸು ಹಿಡಿದು ಪೇಟೆ ದಾಟಿದರೆ ಚಿಕ್ಕಮಗಳೂರು ಜಿಲ್ಲೆ ಎಂದಾಗ ಹೊರಗಿನವರ ಕಣ್ಮುಂದೆ ಬರುವ ಚಿತ್ರವೆಲ್ಲ ಹಿಂದೆ ಉಳಿಯುತ್ತದೆ. ಇಲ್ಲಿ ಕಾಫಿ ತೋಟವಿಲ್ಲ, ಮಂಜಿಲ್ಲ, ಹೋಂಸ್ಟೇ ಫಲಕಗಳಿಲ್ಲ. ಇದು ಅಪ್ಪಟ ಬಯಲುಸೀಮೆ. ಕೆಂಪು ಮಣ್ಣು, ತೆಂಗಿನ ಸಾಲು, ಬೇಲಿಯಲ್ಲಿ ಜಾಲಿ, ಮಳೆ ನಂಬಿದ ಹೊಲ. ಕಾರ್ತಿಕ ಮುಗಿಯುತ್ತಿತ್ತು. ಬಸ್ಸಿನ ಎರಡೂ ಕಡೆ ರಾಗಿ ತೆನೆ ಕಂದು ತಿರುಗಿ ಕೊಯ್ಲಿಗೆ ನಿಂತಿತ್ತು.

ವಿದೇಶಗಳ ಜೊತೆ ವಿದ್ಯೆ, ಸಂಶೋಧನೆ, ವ್ಯಾಪಾರದ ಕೊಡುಕೊಳ್ಳುವಿಕೆ ಎಂದರೆ ನಾವು ಬೆಂಗಳೂರಿನ ಕಡೆ ನೋಡುತ್ತೇವೆ. ಒಪ್ಪಂದಕ್ಕೆ ಸಹಿ ಹಾಕಿದ ಫೋಟೋ ಪತ್ರಿಕೆಯಲ್ಲಿ ಬರುತ್ತದೆ, ವಿಮಾನ ಹತ್ತಿದ ಮಕ್ಕಳ ಸುದ್ದಿ ಬರುತ್ತದೆ. ಅದೇ ಕೊಡುಕೊಳ್ಳುವಿಕೆ ಒಂದು ಒಣ ಹೋಬಳಿಯ ಹೊಲಕ್ಕೆ ಏನು ಮಾಡಿದೆ ಎಂದು ನೋಡಲೆಂದೇ ನಾನು ಈ ಬಸ್ಸು ಹತ್ತಿದ್ದೆ.

ಊರಾಚೆಯ ಹೊಲದಲ್ಲಿ ಕೊಯ್ಲು ನಡೆದಿತ್ತು. ಹೊಲದ ಯಜಮಾನರು ಎಪ್ಪತ್ತು ದಾಟಿದವರು. ಕುಡುಗೋಲು ಬದುವಿನ ಮೇಲಿಟ್ಟು ಬಂದು ಒಂದು ತೆನೆ ಕಿತ್ತು ನನ್ನ ಅಂಗೈಗೆ ಹಾಕಿದರು. ಇಲುಕುಗಳು ಒಳಕ್ಕೆ ಬಾಗಿ ಮುಷ್ಟಿಯಂತೆ ಬಿಗಿದಿದ್ದವು. ಉಜ್ಜಿದರೆ ಕಾಳು ಸಾಸಿವೆಗಿಂತ ಸಣ್ಣದಾಗಿ, ಇಟ್ಟಿಗೆ ಬಣ್ಣದಲ್ಲಿ ಉದುರಿತು.

"ಯಾವ ರಾಗಿ ಯಜಮಾನ್ರೇ?"

"ಜಿಪಿಯು ಇಪ್ಪತ್ತೆಂಟು ಕಣಪ್ಪ. ಮುಂಚೆ ಇಂಡಾಪು ಹಾಕ್ತಿದ್ವಿ. ಅದಕ್ಕೂ ಮುಂಚೆ ನಮ್ಮಪ್ಪನ ಕಾಲ್ದಾಗೆ ನಾಟಿ ರಾಗಿ. ಬೆಂಕಿ ರೋಗ ಬಂತು ಅಂದ್ರೆ ಕುತ್ತಿಗೆ ಹತ್ರ ಕಪ್ಪಾಗಿ ತೆನೆ ಜೊಳ್ಳಾಗೋದು. ಈಗ ಅಷ್ಟಿಲ್ಲ."

ಅವರ ಮಾತಿನ ಹಿಂದೆ ದೊಡ್ಡ ಚರಿತ್ರೆಯೇ ಇದೆ. ಅದನ್ನು ಶಾಲೆಯ ಪಠ್ಯದಲ್ಲಿ ಓದಿದ ನೆನಪು ನನಗಿಲ್ಲ. ರಾಗಿ ಮೂಲದಲ್ಲಿ ಪೂರ್ವ ಆಫ್ರಿಕಾದ ಎತ್ತರದ ಸೀಮೆಯದು, ಇಥಿಯೋಪಿಯಾ, ಉಗಾಂಡದ ಕಡೆಯದು. ಸಾವಿರಾರು ವರ್ಷಗಳ ಹಿಂದೆ ಅದು ಇಲ್ಲಿಗೆ ಬಂದು ನಮ್ಮದೇ ಆಗಿಹೋಯಿತು. ಹೊಸ ಕಾಲದ ಸಂಶೋಧನೆ ಶುರುವಾದದ್ದು 1913ರಲ್ಲಿ, ಹೆಬ್ಬಾಳದಲ್ಲಿ. ಶುರು ಮಾಡಿದವರು ಕೆನಡಾದ ಲೆಸ್ಲಿ ಕೋಲ್ಮನ್. ಜರ್ಮನಿಯ ಗಾಟಿಂಗನ್‌ನಲ್ಲಿ ಡಾಕ್ಟರೇಟ್ ಮಾಡಿ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದವರು. ಮಲೆನಾಡಿನ ಅಡಿಕೆ ಕೊಳೆರೋಗಕ್ಕೆ ಫ್ರಾನ್ಸಿನ ದ್ರಾಕ್ಷಿ ತೋಟಗಳ ಮೈಲುತುತ್ತ-ಸುಣ್ಣದ ಔಷಧಿ ತಂದು ಗೊನೆಗೆ ಹೊಡೆಸಿದವರೂ ಅವರೇ. ಬೋರ್ಡೋ ದ್ರಾವಣವಿಲ್ಲದೆ ತರೀಕೆರೆಯಾಚೆಯ ಅಡಿಕೆ ತೋಟದವರು ಇವತ್ತಿಗೂ ಮಳೆಗಾಲ ಕಳೆಯುವುದಿಲ್ಲ. ಕೋಲ್ಮನ್ನರ ಕೈಕೆಳಗೆ ಕೀಟಶಾಸ್ತ್ರಜ್ಞರಾಗಿದ್ದ ಕುಂಞಿ ಕಣ್ಣನ್ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಡಾಕ್ಟರೇಟ್ ಪಡೆದವರು. ನೂರು ವರ್ಷಗಳ ಹಿಂದಿನ ಮಾತು ಇದು.

ಆದರೆ ಸಿಂಗಟಗೆರೆಯ ಈ ತೆನೆಗೆ ಹತ್ತಿರದ ನಂಟು ಮಂಡ್ಯದ ವಿ.ಸಿ. ಫಾರಂನ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರದು. ಅರುಣ, ಉದಯ, ಪೂರ್ಣ, ಕಾವೇರಿ, ಶಕ್ತಿ ಎಂದು ನಾಡಿನ ರಾಗಿಗಳಲ್ಲೇ ಕೂಡಿಸಿ ತಳಿ ತೆಗೆದ ಅವರು ಆಮೇಲೆ ಆಫ್ರಿಕಾದ ರಾಗಿಯ ಕಡೆ ಕಣ್ಣು ಹಾಯಿಸಿದರು. ಆ ರಾಗಿಯ ಕಾಂಡ ದಪ್ಪ, ತೆನೆ ಭಾರ, ಬೆಂಕಿ ರೋಗಕ್ಕೆ ಬೇಗ ಬಗ್ಗದು. ಆದರೆ ಮಾಗುವುದು ತಡ. ನಮ್ಮ ಮಳೆ ಅಷ್ಟು ದಿನ ಕಾಯುವುದಿಲ್ಲ. ನಮ್ಮ ರಾಗಿ ಬೇಗ ಕೈಗೆ ಬರುತ್ತದೆ, ಬರ ತಡೆಯುತ್ತದೆ, ತೆನೆ ಮಾತ್ರ ಸಣ್ಣದು. ಎರಡನ್ನೂ ಕೂಡಿಸಿ ತೆಗೆದದ್ದೇ ಇಂಡಾಫ್ ತಳಿಗಳು. ಇಂಡಿಯಾ, ಆಫ್ರಿಕಾ ಎರಡೂ ಆ ಹೆಸರಿನಲ್ಲೇ ಇವೆ.

ರಾಗಿಯಲ್ಲಿ ಸಂಕರ ಮಾಡುವುದು ಹುಡುಗಾಟವಲ್ಲ. ಹೂವು ಬರಿಗಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕದು. ಅರಳುವುದು ನಡುರಾತ್ರಿ ಕಳೆದು ಬೆಳಗಿನ ಜಾವದೊಳಗೆ. ಅಷ್ಟರಲ್ಲಿ ತನ್ನ ಪರಾಗವನ್ನು ತಾನೇ ಹಿಡಿದು ಮುಗಿಸಿರುತ್ತದೆ. ಒಟ್ಟಿಗೆ ಅರಳುವ ಎರಡು ತೆನೆಗಳನ್ನು ಮೈಗೆ ಮೈ ತಾಗಿಸಿ ಕಟ್ಟಿ, ಬಂದ ಕಾಳನ್ನೆಲ್ಲ ಬಿತ್ತಿ ನೋಡುವುದು ಒಂದು ದಾರಿ. ಗಂಡು ಗಿಡ ನೇರಳೆ ಬಣ್ಣದ್ದಾದರೆ ಪೈರುಗಳಲ್ಲಿ ಆ ಬಣ್ಣ ಹೊತ್ತು ಬಂದದ್ದೇ ಸಂಕರ, ಉಳಿದದ್ದೆಲ್ಲ ತಾಯಿಯ ಪಡಿಯಚ್ಚು. ಸಾವಿರ ಸಸಿಯಲ್ಲಿ ಬೆರಳೆಣಿಕೆಯಷ್ಟನ್ನು ಹುಡುಕುವ ಕೆಲಸ. ನಾಲ್ಕು ಗೋಡೆಯ ಪ್ರಯೋಗಶಾಲೆಗಿಂತ ಗದ್ದೆ ಬದುವಿನ ಮೇಲೆ ಕಣ್ಣು ಸವೆಸಿದವರ ವಿದ್ಯೆ ಇದು. ಅದಕ್ಕೇ ನನಗೆ ಲಕ್ಷ್ಮಣಯ್ಯನವರ ಮೇಲೆ ಇಷ್ಟು ಗೌರವ. ಹೊರಗಿನದು ಬಂತೆಂದು ಅವರು ಹಾಗೇ ಬಿತ್ತಲಿಲ್ಲ. ನಮ್ಮ ಮಳೆಗೆ, ನಮ್ಮ ಮುದ್ದೆಗೆ, ನಮ್ಮ ದನದ ಬಾಯಿಗೆ ಏನು ಬೇಕು ಎಂದು ಮೊದಲು ತಿಳಿದುಕೊಂಡು, ಆಮೇಲೆ ಆಫ್ರಿಕಾದ ತೆನೆಯಿಂದ ಅಷ್ಟನ್ನೇ ಆರಿಸಿಕೊಂಡರು.

ಜಿಪಿಯು 28 ಅದರ ಮುಂದಿನ ಕೊಂಡಿ. ಇಂಡಾಫ್ 5, ಇಂಡಾಫ್ 9 ಎರಡೂ ಅದರ ರಕ್ತದಲ್ಲಿವೆ. ಜೊತೆಗೆ ಬೆಂಕಿ ರೋಗ ತಡೆಯುವ ಇನ್ನೊಂದು ಆಫ್ರಿಕಾ ತಳಿಯೂ ಸೇರಿದೆ. 1990ರ ದಶಕದಲ್ಲಿ ಅದನ್ನು ಹೊರತಂದದ್ದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ. 1964ರಲ್ಲಿ ಆ ವಿಶ್ವವಿದ್ಯಾಲಯ ಕಟ್ಟುವಾಗ ಅಮೆರಿಕದ ಟೆನ್ನೆಸಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಬಂದು ಜೊತೆಗೆ ನಿಂತಿದ್ದರು. ಪಾಠ, ಸಂಶೋಧನೆ, ರೈತರ ಹೊಲಕ್ಕೆ ವಿಸ್ತರಣೆ, ಈ ಮೂರೂ ಒಂದೇ ಸೂರಿನಡಿ ಇರಬೇಕೆಂಬುದು ಅವರ ಕಡೆಯ ಪದ್ಧತಿ. ಯಜಮಾನರಿಗೆ ಟೆನ್ನೆಸಿಯ ಹೆಸರು ಹೇಳಿದೆ. ಅವರು ತಲೆಯಾಡಿಸಿ ಹುಲ್ಲಿನ ಮಾತಿಗೆ ಬಂದರು.

"ಕಾಳು ಚೆನ್ನಾಗೈತೆ ಸರಿ. ಹುಲ್ಲು ಉದ್ದ ಬರ್ಬೇಕಪ್ಪ. ಇಲ್ದಿದ್ರೆ ಬೇಸಿಗೇಲಿ ದನಕ್ಕೇನ್ ಹಾಕಾನ? ಮಿಷಿನ್ ಬಂದು ಕೊಯ್ದ್ರೆ ಅರ್ಧ ಹುಲ್ಲು ಹೊಲದಾಗೇ ಪುಡಿ ಆಗ್ತದೆ."

ಕಣದ ಪಕ್ಕದಲ್ಲಿ ಹಳೆಯ ಹುಲ್ಲಿನ ಬಣವೆ ಬುಡದಷ್ಟೇ ಉಳಿದಿತ್ತು. ತಳಿಯ ಬಗ್ಗೆ ಬರೆಯುವವರು ಎಕರೆಗೆ ಎಷ್ಟು ಕ್ವಿಂಟಲ್ ಎಂದೇ ಬರೆಯುತ್ತಾರೆ. ಮಳೆಯಾಶ್ರಯದ ಮನೆಯಲ್ಲಿ ರಾಗಿ ಬೆಳೆಯ ಅರ್ಧ ಬೆಲೆ ಈ ಬಣವೆಯಲ್ಲಿದೆ.

ಮಧ್ಯಾಹ್ನ ಅವರ ಮನೆಯಲ್ಲಿ ಮುದ್ದೆ, ಅವರೆಕಾಳು ಸಾರು. ಹಿತ್ತಲಿನ ತೆಂಗಿನ ಗರಿಯ ಅಡಿಯಲ್ಲಿ ಬಿಳಿ ನೊಣದ ಮೇಣ, ಗರಿಯ ಮೇಲೆ ಮಸಿ. ಮಧ್ಯ ಅಮೆರಿಕದ ಈ ಕೀಟ ನಮ್ಮ ದೇಶದಲ್ಲಿ ಮೊದಲು ಕಂಡದ್ದು 2016ರಲ್ಲಿ, ಪೊಳ್ಳಾಚಿಯ ಕಡೆ. ಅದಕ್ಕೂ ಮೊದಲು ಕಾಯಿ ಬಿರಿಸಿ ಸಣ್ಣ ಮಾಡುವ ನುಸಿ 1990ರ ದಶಕದ ಕೊನೆಯಲ್ಲಿ ಬಂದಿತ್ತು. ಅದನ್ನು ವಿಜ್ಞಾನ ಮೊದಲು ಗುರುತಿಸಿದ್ದು ಮೆಕ್ಸಿಕೋದಲ್ಲಿ. ಕೊಬ್ಬರಿಯ ದರ ತಿಪಟೂರಿನ ಹರಾಜಿನಲ್ಲಿ ಏರಿ ಇಳಿಯುವಾಗ ಇಂಡೋನೇಷ್ಯಾ, ಮಲೇಷ್ಯಾದಿಂದ ಬರುವ ತಾಳೆ ಎಣ್ಣೆಯ ಹಡಗುಗಳ ಲೆಕ್ಕವೂ ಅದರಲ್ಲಿರುತ್ತದೆ. ಹೀಗೆ ಯಾರನ್ನೂ ಕೇಳದೆ ಬರುವ ಪರದೇಶವೂ ಈ ಹೋಬಳಿಗೆ ಬಂದಿದೆ.

ಯಜಮಾನರ ಮೊಮ್ಮಗಳು ಶಿವಮೊಗ್ಗದಲ್ಲಿ ಬಿ.ಎಸ್ಸಿ. ಕೃಷಿ ಓದುತ್ತಾಳೆ. ಮರುದಿನ ಬೀರೂರಿನ ಮೇಲೆ ಅಜ್ಜಂಪುರಕ್ಕೆ ಹೊರಟಾಗ ಆಕೆಯೂ ಜೊತೆಗೆ ಬಂದಳು. ಅಲ್ಲಿನ ಅಮೃತಮಹಲ್ ದನಗಳ ತಳಿ ಸಂವರ್ಧನಾ ಕೇಂದ್ರ ನೋಡುವುದು ನಮ್ಮ ಉದ್ದೇಶ. ಬೂದು ಮೈ, ಹಿಂದಕ್ಕೆ ಬಾಗಿ ತುದಿ ಮೇಲೆದ್ದ ಉದ್ದ ಕೊಂಬು, ಹತ್ತಿರ ಹೋದರೆ ಕತ್ತೆತ್ತಿ ದಿಟ್ಟಿಸುವ ಕಣ್ಣು. ಮೈಸೂರು ಅರಸರ ಬೆಣ್ಣೆ ಚಾವಡಿಯಿಂದ ಬಂದ ಮಂದೆ ಇದು. ಹೈದರ್, ಟಿಪ್ಪುವಿನ ಫಿರಂಗಿ ಎಳೆದದ್ದು ಇದರದೇ ಎತ್ತು. 1799ರ ನಂತರ ಇಂಗ್ಲಿಷರು ಮಂದೆಯನ್ನು ತಮ್ಮ ಕೈಗೆ ತೆಗೆದುಕೊಂಡರು. 1860ರಲ್ಲಿ ಖರ್ಚು ಉಳಿಸಲೆಂದು ಮಾರಿದರು. ಸೈನ್ಯಕ್ಕೆ ಎತ್ತು ಸಿಗದಾದಾಗ 1866ರಲ್ಲಿ ಮತ್ತೆ ಮಂದೆ ಕಟ್ಟಿದರು. ಮೇವಿನ ಕಾವಲುಗಳು ಕರಗಿ ಈಗ ಉಳಿದಿರುವುದು ಬಹಳ ಕಡಿಮೆ.

ಬರುವ ದಾರಿಯಲ್ಲಿ ಹಟ್ಟಿಗಳ ಮುಂದೆ ಕಂಡದ್ದೆಲ್ಲ ಕಪ್ಪು-ಬಿಳಿ ಮಚ್ಚೆಯ ಸೀಮೆ ಹಸು. ಹಾಲೆಂಡಿನ ಹೋಲ್‌ಸ್ಟೀನ್ ವಂಶ. ಅದನ್ನು ನಾನು ಹಳಿಯುವುದಿಲ್ಲ. ಡೈರಿಯಿಂದ ವಾರವಾರ ಬರುವ ದುಡ್ಡೇ ಈ ಹುಡುಗಿಯ ಕಾಲೇಜು ಫೀಸು ಕಟ್ಟಿದೆ. ಆದರೆ ಹಸಿ ಮೇವು, ತಂಪು ಬೇಡುವ ಹಸುವನ್ನು ಬರದ ಸೀಮೆಗೆ ತರುವಾಗ ರಾಗಿಯಲ್ಲಿ ತೋರಿದ ಎಚ್ಚರ ತೋರಲಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಏಪ್ರಿಲ್ ಬಿಸಿಲಿನಲ್ಲಿ ಬಾಯಿ ತೆರೆದು ಏದುವ ಹಸುವಿಗೆ ಬೋರ್‌ವೆಲ್ ನೀರು ಸುರಿಯುವ ಹೆಂಗಸರನ್ನು ಕೇಳಿದರೆ ಇದು ಗೊತ್ತಾಗುತ್ತದೆ.

ಮುಂದೇನು ಓದುತ್ತೀಯಮ್ಮ ಎಂದು ಹುಡುಗಿಯನ್ನು ಕೇಳಿದೆ.

"ತಳಿಶಾಸ್ತ್ರದಲ್ಲಿ ಎಂ.ಎಸ್ಸಿ. ಸರ್. ನಮ್ಮ ಕ್ಲಾಸಿನವರೆಲ್ಲ ಅಮೆರಿಕ, ನೆದರ್ಲೆಂಡ್ಸ್ ಅಂತಾರೆ. ನನಗೆ ಕೀನ್ಯಾ ನೋಡ್ಬೇಕು ಅಂತ. ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ಕೇಂದ್ರ ನೈರೋಬಿಯಲ್ಲಿದೆ, ಅಲ್ಲಿ ರಾಗಿ ಕೆಲಸ ನಡೀತದೆ."

ನನಗೆ ತುಂಬ ಸಂತೋಷವಾಯಿತು. ಅಲ್ಲಿ ಹೋಗಿ ಏನು ನೋಡುತ್ತೀ ಎಂದೆ. ಬೆಂಕಿ ರೋಗದ ಶಿಲೀಂಧ್ರ ಅಲ್ಲಿಯದಕ್ಕೂ ಇಲ್ಲಿಯದಕ್ಕೂ ಎಷ್ಟು ಬೇರೆ ಎಂದು ನೋಡಬೇಕು, ಅಲ್ಲಿಯ ಹೆಂಗಸರು ಬೀಜಕ್ಕೆ ಯಾವ ತೆನೆ ಆರಿಸುತ್ತಾರೆ ಎಂದು ಕೇಳಬೇಕು ಎಂದಳು. ಬೀರೂರಿನ ಬಸ್ಸು ಬಂತು. ಸೀಟು ಹಿಡಿದು ಕೂತ ಮೇಲೆ ಮಾತು ಮುಂದುವರಿಸಿದಳು: "ತಾತ ಇನ್ನೊಂದು ಹೇಳಿದ್ದಾರೆ ಸರ್, ಉದ್ದ ಹುಲ್ಲಿನ ತಳಿ ಅಲ್ಲಿ ಇದ್ರೆ ಅದನ್ನ ಮೊದಲು ಬರ್ಕೊಂಡು ಬಾ ಅಂತ."